ಕಾಲು ಮಡಚೋದು ಯಾರು?

ಶಿವಮೊಗ್ಗದಲ್ಲಿ ಮೂವತ್ತು-ನಲವತ್ತರ ಸೈಟು ಕೊಂಡವನ ಲೆಕ್ಕಾಚಾರ ನೋಡಬೇಕು ನೀವು. ಕಾರಿಗೆ ಜಾಗ ಬಿಡುತ್ತಾನೆ. ಕಾರು ಇನ್ನೂ ಬಂದಿರುವುದಿಲ್ಲ. ದೇವರಿಗೊಂದು ಕೋಣೆ, ಬಾಡಿಗೆಗೆ ಕೊಡೋಕೆ ಮೇಲೊಂದು ಮನೆ, ಮೆಟ್ಟಿಲ ಕೆಳಗೆ ಯುಪಿಎಸ್ ಬ್ಯಾಟರಿಗೊಂದು ಗೂಡು. ಇಷ್ಟೆಲ್ಲ ಆಗಿ, ತಾನು ಊಟಕ್ಕೆ ಎಲ್ಲಿ ಕೂರಬೇಕು ಅನ್ನೋದು ಮಾತ್ರ ಗೃಹಪ್ರವೇಶದ ಮಾರನೇ ದಿನ, ಅಡುಗೆಯವರು ಪಾತ್ರೆ ಎತ್ತಿಕೊಂಡು ಹೋದ ಮೇಲೆ ಹೊಳೆಯುತ್ತದೆ. ಆಗ ಶುರು ಮಡಚುವ ಮೇಜಿನ ಧ್ಯಾನ. ಅದೂ ಹೊಸದಲ್ಲ, ಹಳೇದೇ ಆಗಬೇಕು. ಯಾಕೆ ಗೊತ್ತಾ? ಹೊಸ ಮಡಚುವ ಮೇಜು ತಂದರೆ ನೆಂಟರು "ಪಾಪ, ಜಾಗ ಇಲ್ಲ" ಅಂತಾರೆ. ಹಳೇದನ್ನು ತಂದರೆ "ಆ್ಯಂಟಿಕ್ಕು, ಒಳ್ಳೇ ಅಭಿರುಚಿ" ಅಂತಾರೆ. ಇಕ್ಕಟ್ಟಿಗೂ ಅಭಿರುಚಿಗೂ ಮಧ್ಯೆ ಇರೋದು ಒಂದು ನೂರು ವರ್ಷ, ಅಷ್ಟೆ.

ನೂರು ಅಂದದ್ದು ಬಾಯಿಗೆ ಬಂದ ಹಾಗಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯೇ ಕಡಿಮೆಯೆಂದರೆ ನೂರು ವರ್ಷ ಆಗಿರಬೇಕು ಅನ್ನುತ್ತದೆ. ಅದಕ್ಕಿಂತ ಕಿರಿಯದಕ್ಕೆ 'ವಿಂಟೇಜ್' ಅನ್ನೋ ಸಮಾಧಾನದ ಹೆಸರಿದೆ. ಅದೂ ಆಗದಿದ್ದರೆ 'ನಮ್ಮಜ್ಜನ ಕಾಲದ್ದು' ಅಂತ ಇದ್ದೇ ಇದೆ; ಅಜ್ಜನ ವಯಸ್ಸು ಯಾರೂ ಕೇಳೋದಿಲ್ಲ.

ವಿನೋಬನಗರದ ನಮ್ಮ ಭಾವ ಇಂಥದೊಂದು ಮೇಜು ತಂದರು. ಎಲ್ಲಿಂದ? ಭದ್ರಾವತಿಯ ಗುಜರಿಯಿಂದ. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸ್ ಖಾಲಿ ಮಾಡಿ ಹೋಗೋರು ಲಾರಿಗೆ ಹಿಡಿಸದ್ದನ್ನೆಲ್ಲ ಬಿಟ್ಟು ಹೋಗ್ತಾರೆ, ಅಲ್ಲಿ ಮುತ್ತು-ರತ್ನ ಸಿಗುತ್ತವೆ ಅಂತ ಯಾರೋ ಅವರ ಕಿವಿ ಚುಚ್ಚಿದ್ದರು. ಗುಜರಿಯವನು ಆಳೂ ಗೊತ್ತಿದ್ದವನು, ವ್ಯಾಪಾರವೂ ಗೊತ್ತಿದ್ದವನು. "ಸಾರ್, ಇದು ಐರನ್ ಫ್ಯಾಕ್ಟರಿ ಬ್ರಿಟಿಷ್ ದೊರೆ ಬಂಗ್ಲೇದು. ನೂರೈವತ್ತು ವರ್ಷ ಆಗಿದೆ" ಅಂದ. ಭಾವ ನಂಬಿದರು.

ಸ್ವಲ್ಪ ಲೆಕ್ಕ ಹಾಕೋಣ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರ ಜನವರಿಯಲ್ಲಿ. ಕಾರ್ಖಾನೆಗೇ ನೂರು ತುಂಬಿದ್ದು ಮೊನ್ನೆ ಮೊನ್ನೆ. ಕಟ್ಟಿಸಿದ್ದು ಮೈಸೂರು ಸರ್ಕಾರ, ಬ್ರಿಟಿಷರಲ್ಲ. ಅದರ ಯಜಮಾನಿಕೆ ವಹಿಸಿಕೊಂಡು ನಷ್ಟದಿಂದ ಎತ್ತಿದ್ದು ಸರ್ ಎಂ. ವಿಶ್ವೇಶ್ವರಯ್ಯ. ನೂರೈವತ್ತು ವರ್ಷದ ಹಿಂದೆ ಆ ಊರಿನ ಹೆಸರು ಬೆಂಕಿಪುರ. ಅಂದರೆ ಈ ದೊರೆ ಕಾರ್ಖಾನೆ ಹುಟ್ಟೋದಕ್ಕೆ ಐವತ್ತು ವರ್ಷ ಮೊದಲೇ ಬಂದು, ಬೆಂಕಿಪುರದ ಬಯಲಲ್ಲಿ ಮೇಜು ಬಿಚ್ಚಿಕೊಂಡು ಕಾಯುತ್ತಾ ಕೂತಿದ್ದ ಅಂತಾಯಿತು. ಇದನ್ನು ಹೇಳಿದರೆ ಭಾವ, "ನಿಂಗೆ ಎಲ್ಲದರಲ್ಲೂ ತಕರಾರು ಕಣೋ" ಅಂದರು.

ತಮಾಷೆ ಏನಂದರೆ, ಭದ್ರಾವತಿಯಲ್ಲಿ ಹಳೇ ಮರ ಉಳಿಯೋದೇ ಒಂದು ಪವಾಡ. ಆ ಕಾರ್ಖಾನೆ ಮೊದಮೊದಲು ಕಬ್ಬಿಣ ಕರಗಿಸಿದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ. ಶುರುವಿನಲ್ಲಿ ಅದರ ಹೆಸರಲ್ಲೇ ಕಟ್ಟಿಗೆ ಭಟ್ಟಿ ಇಳಿಸುವ ಮಾತಿತ್ತು. ಕಾಡಿನ ಮರವನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ತೆಗೆದು, ಬಂದ ಹೊಗೆಯನ್ನೂ ಬಿಡದೆ ಹಿಡಿದು ಮರದ ಮದ್ಯಸಾರ, ಟಾರು ಎಲ್ಲ ಇಳಿಸಿದರು. (ಮದ್ಯಸಾರ ಅಂದ ಕೂಡಲೇ ಕಿವಿ ನಿಮಿರಿಸಬೇಡಿ. ಅದನ್ನು ಕುಡಿದರೆ ಕಣ್ಣು ಹೋಗುತ್ತದೆ.) ಕಟ್ಟಿಗೆ ಉರಿದದ್ದು ಸಾಲದು ಅಂತ 1936ರಲ್ಲಿ ಪಕ್ಕದಲ್ಲೇ ಕಾಗದದ ಕಾರ್ಖಾನೆ ಎದ್ದಿತು, ಅದು ಬಿದಿರು ತಿಂದಿತು. ಇದ್ದಿಲೂ ಆಗದೆ, ಕಾಗದವೂ ಆಗದೆ, ಮೇಜಾಗಿ ಬದುಕಿಕೊಂಡ ಮರ ಅಂದರೆ ಅದರ ಜಾತಕ ಗಟ್ಟಿ ಇರಬೇಕು.

ಹಾಗಾದರೆ ಮಡಚುವ ಮೇಜು ಈ ಕಡೆ ಬರಲೇ ಇಲ್ಲವೇ? ಬಂತು. ಆದರೆ ಚಿಕ್ಕ ಮನೆಯವರಿಗಲ್ಲ. 1831ರಿಂದ 1881ರವರೆಗೆ ಮೈಸೂರು ಸೀಮೆ ಕಮಿಷನರುಗಳ ಕೈಯಲ್ಲಿತ್ತು. ನಗರ ವಿಭಾಗದ ಕಚೇರಿ ಶಿವಮೊಗ್ಗದಲ್ಲೇ. ಸಾಹೇಬರಿಗೆ ತಿರುಗಾಟವೇ ಕೆಲಸ, ಸಾಮಾನೂ ಜೊತೆಗೇ ತಿರುಗಬೇಕು. ದಂಡಿನ ಅಧಿಕಾರಿಗಳಿಗೆ ಅಂತ ಮಾಡಿದ ಮೇಜು, ಕುರ್ಚಿ, ಬರೆಯುವ ಪೆಟ್ಟಿಗೆ ಎಲ್ಲಕ್ಕೂ ಕಾಲು ಕಳಚೋ ಹಾಗೆ, ಹಲಗೆ ಮಡಚೋ ಹಾಗೆ, ಗಾಡಿಯಲ್ಲಿ ಕುಲುಕಿದರೂ ಮೂಲೆ ಒಡೆಯದ ಹಾಗೆ ಹಿತ್ತಾಳೆ ಕಟ್ಟು. ಆಮೇಲೆ ನಮ್ಮ ಅಮಲ್ದಾರರೂ ಮೊಕ್ಕಾಂ ಹೂಡುವಾಗ ಅದನ್ನೇ ಹಿಡಿದರು. ನೋಡಿ ವಿಚಿತ್ರ: ದೊಡ್ಡ ಬಂಗಲೆ ಇದ್ದೂ ಮನೆಯಲ್ಲಿ ನಿಲ್ಲದವರಿಗೆ ಮಾಡಿದ ಸಾಮಾನನ್ನು, ಭದ್ರಾವತಿ ದಾಟಿ ಎಲ್ಲಿಗೂ ಹೋಗದ, ಮನೆಯಲ್ಲಿ ಜಾಗವೂ ಇಲ್ಲದ ನಮ್ಮ ಭಾವನಂಥವರು ಈಗ ಕೊಳ್ಳುತ್ತಿದ್ದಾರೆ.

ನಮ್ಮವರಿಗೆ ಮೇಜು ಯಾಕೆ ಬೇಕಾಗಿರಲಿಲ್ಲ ಅಂತ ಯೋಚಿಸಿದ್ದೀರಾ? ಮಡಚೋ ಕೆಲಸವನ್ನು ಮನುಷ್ಯನೇ ಮಾಡುತ್ತಿದ್ದ! ಚಕ್ಕಳಮಕ್ಕಳ ಹಾಕಿ ಕೂತ, ಎಲೆ ಬಿತ್ತು, ಊಟವಾಯಿತು. ಎಲೆ ತೆಗೆದು ಗೋಮಯ ಹಚ್ಚಿದರೆ ಊಟದ ಮನೆ ಮುಗೀತು. ಚಾಪೆ ಬಿಚ್ಚಿದರೆ ಅದೇ ಮಲಗೋ ಮನೆ. ಜಪಾನಿನವರು ಒಂದು ಹೆಜ್ಜೆ ಮುಂದೆ ಹೋಗಿ ಚಬುದಾಯಿ ಅಂತ ಗಿಡ್ಡ ಮೇಜು ಮಾಡಿಕೊಂಡರು. ತಾವೂ ಕಾಲು ಮಡಚಿ, ಮೇಜಿನ ಕಾಲನ್ನೂ ಮಡಚಿ, ಗೋಡೆಗೆ ಒರಗಿಸಿ ಅಲ್ಲೇ ಹಾಸಿಗೆ ಹಾಸಿದರು. ನಾವು ಮಡಚುವ ಬುದ್ಧಿಯನ್ನೆಲ್ಲ ಗ್ರಂಥ ಇಟ್ಟು ಓದುವ ವ್ಯಾಸಪೀಠಕ್ಕೆ ಖರ್ಚು ಮಾಡಿದೆವು. ಒಂದೇ ಹಲಗೆಯನ್ನು ಮಧ್ಯೆ ಸೀಳಿ, ಹಲ್ಲಿಗೆ ಹಲ್ಲು ಸಿಕ್ಕಿಸಿ ಕೆತ್ತಿದ್ದು. ಮೊಳೆ ಇಲ್ಲ, ಅಂಟು ಇಲ್ಲ, ಬಿಡಿಸಿದರೆ ಗುಣಾಕಾರದ ಚಿಹ್ನೆ, ಮುಚ್ಚಿದರೆ ಬರೀ ಹಲಗೆ. ತುಂಗೆಯ ದಡದ ಹೊಸಹಳ್ಳಿಗೆ ಹೋಗಿ, ಗಮಕಿ ಪದ್ಮಶ್ರೀ ಎಚ್.ಆರ್. ಕೇಶವಮೂರ್ತಿಯವರ ಊರು, ಕಾವ್ಯವನ್ನು ಹಾಡಿ ಓದುವ ಗಮಕದ ಊರು. ಕುಮಾರವ್ಯಾಸನ ಭಾರತವನ್ನು ವ್ಯಾಸಪೀಠದ ಮೇಲೆ ಕೂರಿಸಿ, ಎದುರಿಗೆ ತಾವು ಕಾಲು ಮಡಚಿ ಕೂತು ರಾತ್ರಿಗಟ್ಟಲೆ ಹಾಡಿದ ಜನ ಅವರು. ಈಗ ನಮ್ಮ ಮಂಡಿ ಮಡಚೋದು ಬಿಟ್ಟಿದೆ. ನೆಲದ ಮೇಲೆ ಕೂತರೆ ಏಳಿಸೋಕೆ ಇಬ್ಬರು ಬೇಕು. ನಮ್ಮ ಕಾಲು ಮಡಚದ್ದಕ್ಕೇ ಮೇಜಿನ ಕಾಲು ಮಡಚಬೇಕಾಗಿ ಬಂದದ್ದು. ಕಲ್ಯಾಣಮಂಟಪದಲ್ಲಿ ನೋಡಿ: ಶಾಮಿಯಾನದ ಅಂಗಡಿಯ ಕಬ್ಬಿಣದ ಕಾಲಿನ ಮೇಜು, ಮೇಲೆ ಉರುಳಿಸಿದ ಬಿಳಿ ಕಾಗದ, ಅದರ ಮೇಲೆ ಎಲೆ. ಶಿವಮೊಗ್ಗದಲ್ಲಿ ದಿನಾ ಬಿಚ್ಚಿ ದಿನಾ ಮಡಚುವ ಮೇಜು ಅಂತ ಇದ್ದರೆ ಅದೊಂದೇ. ಅದಕ್ಕೆ ಮಾತ್ರ ಯಾರೂ ಆ್ಯಂಟಿಕ್ ಅನ್ನೋದಿಲ್ಲ.

ಆಯ್ತಪ್ಪ, ನಿಮಗೆ ಹಳೇದೇ ಬೇಕು ಅನ್ನಿ. ಗುಜರಿಯವನ ಬಾಯಿ ನೋಡಬೇಡಿ, ಮೇಜಿನ ಹೊಟ್ಟೆ ಕೆಳಗೆ ನುಗ್ಗಿ. ಒಳ್ಳೇ ಆಚಾರಿ ಮಾಡಿದ, ಪಕ್ಕದ ಹಲಗೆ ಇಳಿಬಿಡುವ ರೆಕ್ಕೆಮೇಜಾದರೆ ನಡುಹಲಗೆಯ ಅಂಚು ಉಬ್ಬಿಗೆ, ರೆಕ್ಕೆಯ ಅಂಚು ತಗ್ಗಿಗೆ ಕೀಸಿರುತ್ತಾನೆ. ರೆಕ್ಕೆ ಇಳಿಬಿಟ್ಟರೂ ಸಂದು ಬಾಯಿ ಬಿಡೋದಿಲ್ಲ. ಬಿಜಾಗರಿಯ ಎರಡು ಪಟ್ಟಿ ಸಮ ಇರೋದಿಲ್ಲ. ಉದ್ದದ್ದು ರೆಕ್ಕೆಗೆ, ಗಿಡ್ಡದ್ದು ನಡುಹಲಗೆಗೆ, ಗೆಣ್ಣು ಮರದೊಳಗೆ ಹೂತಿರುತ್ತದೆ. ಆ ಸಂದಿಗೆ ಬೆರಳು ಆಡಿಸಿ ನೋಡಿ, ಎಲ್ಲೂ ತಡೆಯದೆ ಜಾರಿದರೆ ಮಾಡಿದವನಿಗೆ ಅಲ್ಲೇ ಕೈ ಮುಗಿಯಿರಿ. ಆಮೇಲೆ ಸ್ಕ್ರೂ ನೋಡಿ. ತಲೆಯಲ್ಲಿ ಕೂಡಿಸುವ ಗುರುತು ಕಂಡರೆ, ಅಂಥ ಸ್ಕ್ರೂ ಅಮೆರಿಕದ ಪೇಟೆಗೇ ಬಂದದ್ದು 1930ರ ದಶಕದಲ್ಲಿ. ಒಂದೆರಡಾದರೆ ರಿಪೇರಿ, ಎಲ್ಲವೂ ಹಾಗೇ ಇದ್ದರೆ ದೊರೆ ಹುಟ್ಟಿದ್ದೇ ಮೊನ್ನೆ. ಭಾವನ ಮೇಜಿನಲ್ಲಿ ಎಲ್ಲವೂ ಹಾಗೇ ಇದ್ದವು. ಮೇಲೆ ಸನ್‌ಮೈಕಾ ಬೇರೆ! "ದೊರೆ ಹಾಕಿಸಿರಬಹುದು" ಅಂದರು ಭಾವ.

ಇನ್ನು ಮಳೆಗಾಲ. ಮರ ತೇವ ಕುಡಿದು ಉಬ್ಬುವುದು ಅಡ್ಡಕ್ಕೆ, ಉದ್ದಕ್ಕಲ್ಲ. ತೇಗ ಮರ್ಯಾದಸ್ಥ, ಕಡಿಮೆ ಉಬ್ಬುತ್ತದೆ. ಕಾಡುಮರ ಆಷಾಢದಲ್ಲಿ ಬಿಗಿದುಕೊಂಡರೆ ದೀಪಾವಳಿವರೆಗೆ ಜಪ್ಪಯ್ಯ ಅನ್ನೋದಿಲ್ಲ. ಆಗ ಅವಸರಪಟ್ಟು ಕೀಸುಳಿ ಹಿಡಿಸಬೇಡಿ. ಮಳೆಯಲ್ಲಿ ಕೀಸಿದ್ದು ಬೇಸಿಗೆಯಲ್ಲಿ ಕುಗ್ಗಿ ಲಟಪಟ ಅನ್ನುತ್ತದೆ. ಕೆಳಗೆ ಹಿಟ್ಟು ಉದುರಿದ್ದರೆ ಕುಟ್ಟೆ ಹುಳ. ಅದು ಹಿಂದಿನ ಮಾಲೀಕನ ಲೆಕ್ಕದಲ್ಲಿ ಇನ್ನೂ ವಾಸಕ್ಕಿದೆ ಅಂತ ಅರ್ಥ.

ಇಷ್ಟೆಲ್ಲ ನೋಡಿ ತಂದರೂ ಕೊನೆಗೆ ಆಗೋದು ಒಂದೇ. ಮೇಜು ಮನೆಗೆ ಬಂದ ದಿನ ಭಾವ ಅದನ್ನು ಬಿಚ್ಚಿ, ಮಡಚಿ, ಬಿಚ್ಚಿ, ಅಕ್ಕಪಕ್ಕದವರಿಗೆಲ್ಲ ತೋರಿಸಿದರು. ಸಂಜೆ ಬಿಚ್ಚಿಟ್ಟದ್ದರ ಮೇಲೆ ಕರೆಂಟ್ ಬಿಲ್ ಬಂದು ಕೂತಿತು. ಆಮೇಲೆ ಅಡಿಕೆ ರೇಟಿನ ಪುಟ ಮೇಲಾಗಿ ಮಡಚಿದ ಪೇಪರು, ಬಿ.ಪಿ. ಮಾತ್ರೆ, ಮದುವೆ ಕಾಗದ, ಇಸ್ತ್ರಿಯ ಬಟ್ಟೆ. ಮಡಚಬೇಕಾದರೆ ಇವನ್ನೆಲ್ಲ ಇಡೋಕೆ ಇನ್ನೊಂದು ಮೇಜು ಬೇಕು. ಮೊನ್ನೆ ನಾವೆಲ್ಲ ಊಟಕ್ಕೆ ಹೋದಾಗ ಅಕ್ಕ ಹಾಲಿನಲ್ಲಿ ಚಾಪೆ ಹಾಸಿ ಎಲೆ ಹಾಕಿದಳು. ಭಾವನಿಗೆ ಮಂಡಿ ನೋವು; ಮಾತ್ರೆ ಡಬ್ಬಿ ಪಕ್ಕಕ್ಕೆ ಸರಿಸಿ, ಒಂದೇ ರೆಕ್ಕೆಯ ಮೂಲೆಯಲ್ಲಿ ಎಲೆ ಇಟ್ಟುಕೊಂಡು ನಮ್ಮನ್ನೆಲ್ಲ ಮೇಲಿಂದ ನೋಡುತ್ತಾ ಉಂಡರು.

ಹುಳಿಗೆ ಬರುವಷ್ಟರಲ್ಲಿ ಫೋನು. ಗುಜರಿಯವನೇ. "ಸಾರ್, ಅದರ ಜೋಡಿ ಕುರ್ಚಿ ಬಂದಿದೆ. ದೊರೆ ಕೂತಿದ್ದೇ."

ಅಕ್ಕ ಸೌಟು ಹಿಡಿದುಕೊಂಡೇ ಅಂದಳು: "ರೀ, ದೊರೆ ಎದ್ದಿದ್ದಾನೋ ಇನ್ನೂ ಕೂತಿದ್ದಾನೋ ಕೇಳಿ. ಕೂತಿದ್ರೆ ಅನ್ನ ಸಾಲಲ್ಲ."