ಕ್ಯಾಲಿಪರ್ ವಿಚ್ಛೇದನ ಮೀಮಾಂಸೆ

ಕ್ಯಾಲಿಪರ್ ಎಂಬುದು ತಿರುಗುವ ಡಿಸ್ಕನ್ನು ಎರಡು ಪ್ಯಾಡ್‌ಗಳ ನಡುವೆ ಅದುಮಿ ಕಾರು ನಿಲ್ಲಿಸುವ ಲೋಹದ ಮುಷ್ಟಿ. ಪದಶುದ್ಧಿಯವರು ಇದನ್ನು 'ಇಕ್ಕಳ' ಎನ್ನಬಹುದು. ಬೆಂಗಳೂರಿನ ಕಾಮಾಕ್ಷಿಪಾಳ್ಯದ ಗ್ಯಾರೇಜಿನಲ್ಲಿ ಇಕ್ಕಳ ಕೇಳಿದರೆ ಕೈಗೆ ಬರುವುದು ಕಟಿಂಗ್ ಪ್ಲೇಯರ್.

ಕ್ಯಾಲಿಪರಿಗೆ ಪೌಡರ್ ಕೋಟಿಂಗ್, ಅಂದರೆ ಓವನ್ನಿನಲ್ಲಿ ಕರಗಿಸುವ ಪುಡಿಬಣ್ಣ, ಹೊಡೆಸುವ ವಿಷಯದಲ್ಲಿ ಎರಡು ಪಂಥಗಳಿವೆ. ಮೊದಲನೆಯದು ಅಖಂಡವಾದ: ಬಿಚ್ಚುವುದು ಬೇಡ, ಟೇಪು ಸುತ್ತಿ ಓವನ್ನಿಗೆ ಇಟ್ಟರೆ ಸಾಕು. 'ಏನೂ ಆಗಲ್ಲ ಸಾರ್' ಎಂಬುದು ಇದರ ಮಹಾವಾಕ್ಯ. ಎರಡನೆಯ ವಿಚ್ಛೇದವಾದದ ಖಂಡನೆ ಹೀಗಿದೆ: ಪುಡಿ ಕರಗಿ ಗಟ್ಟಿಯಾಗಲು ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಒಳಗಿನ ರಬ್ಬರ್ ಸೀಲು, ಧೂಳು ತಡೆಯುವ ಬೂಟು ಆ ಶಾಖಕ್ಕೆ ಕೆಡುತ್ತವೆ. ನೀರು ಹೀರಿದ ಡಾಟ್ 3 ಬ್ರೇಕ್ ಆಯಿಲ್ 140 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಲ್ಲದು. ಸಿದ್ಧಾಂತ ಎರಡನೆಯವರದೇ.

ಪ್ರಾಸಂಗಿಕವಾಗಿ: ಬ್ರೇಕ್ ಆಯಿಲ್‌ನಲ್ಲಿ ಆಯಿಲ್ ಇಲ್ಲ. ಅದು ಸಾಮಾನ್ಯವಾಗಿ ಗ್ಲೈಕಾಲ್ ಬಗೆಯ ದ್ರವ. ನಿಜವಾದ ಎಣ್ಣೆ ತಾಗಿದರೆ ಸೀಲು ಊದಿಕೊಳ್ಳುತ್ತದೆ. ಹೆಸರು ನಂಬಿ ಇಂಜಿನ್ ಆಯಿಲ್ ಸವರಿದವರು ಶಬ್ದಪ್ರಮಾಣಕ್ಕೆ ಬಲಿಯಾದವರು.

ಬಿಚ್ಚುವ ಕ್ರಮದಲ್ಲಿ ಮೊದಲ ವಿಘ್ನ ಬ್ಲೀಡರ್ ನಿಪ್ಪಲ್, ಅಂದರೆ ಗಾಳಿ ತೆಗೆಯುವ ತಿರುಪು. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಬೇಕು. ಅವಸರ ಮಾಡಿದರೆ ಅದು ಒಳಗೇ ಮುರಿಯುತ್ತದೆ. ಪ್ಯಾಡು, ಗೈಡ್ ಪಿನ್ನು, ಹೋಸು ಕಳಚಿದ ಮೇಲೆ ಉಳಿಯುವುದು ಪಿಸ್ಟನ್. ಅದರ ಎದುರಿಗೆ ಮರದ ತುಂಡಿಟ್ಟು, ಹೋಸಿನ ತೂತಿಗೆ ಕಂಪ್ರೆಸರ್ ಗಾಳಿಯನ್ನು ಸ್ವಲ್ಪಸ್ವಲ್ಪವೇ ಬಿಡಬೇಕು. ಮೊದಲು ಏನೂ ಆಗುವುದಿಲ್ಲ. ನೋಡಲು ಬಗ್ಗಿದವರ ಅಂಗಿಗೆ ಕಂದು ದ್ರವ ಚಿಮ್ಮುತ್ತದೆ, ಪಿಸ್ಟನ್ ಠಪ್ಪೆಂದು ಮರಕ್ಕೆ ಬಡಿಯುತ್ತದೆ. ಮರವಿದ್ದ ಜಾಗದಲ್ಲಿ ಬೆರಳಿದ್ದರೆ ಭಾಷ್ಯ ಆಸ್ಪತ್ರೆಯಲ್ಲಿ ಮುಂದುವರಿಯುತ್ತದೆ.

ಸೀಲನ್ನು ಸ್ಕ್ರೂಡ್ರೈವರಿನಿಂದ ಕೆದಕುವುದು ನಿಷಿದ್ಧ. ಗಾಡಿಗೆ ಗೀರು ಬಿದ್ದರೆ ಸೋರುತ್ತದೆ. ಇಲ್ಲಿ ಗಾಡಿ ಎಂದರೆ ಸೀಲು ಕೂರುವ ಕಾಲುವೆ, ವಾಹನವಲ್ಲ. ಪ್ಲಾಸ್ಟಿಕ್ ಕಡ್ಡಿ ಸಾಕು. ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುವುದೂ ಸೀಲೆಂಬ ಈ ಚೌಕ ಅಂಚಿನ ಉಂಗುರವೇ ಎಂಬುದು ಬಹುಮಂದಿಗೆ ಅವಿದಿತ.

ತೊಳೆಯುವಾಗ ದ್ರವದ ಪಸೆ ಉಳಿದರೆ ಓವನ್ನಿನಲ್ಲಿ ಅದು ಒಸರಿ ಬಣ್ಣ ಗುಳ್ಳೆಯೇಳುತ್ತದೆ. ಪಿಸ್ಟನ್ ಕೂರುವ ಗೂಡು, ತಿರುಪಿನ ಮರೆಗಳು (ಥ್ರೆಡ್), ಪಿನ್ನಿನ ತೂತು, ಪ್ಯಾಡು ಜಾರುವ ಮುಖಗಳಿಗೆ ಬಣ್ಣ ತಾಗಕೂಡದು. ಅಲ್ಲಿಗೆ ಶಾಖ ತಡೆಯುವ ಟೇಪು, ಸಿಲಿಕೋನ್ ಬಿರಡೆ. ಮರುಜೋಡಣೆಗೆ ಹೊಸ ಸೀಲ್ ಕಿಟ್, ಹೊಸ ತಾಮ್ರದ ವಾಷರ್. ಗಾಳಿ ತೆಗೆದು, ಪೆಡಲ್ ಗಟ್ಟಿಯಾಗಿದೆಯೇ ಎಂದು ಒತ್ತಿ ನೋಡುವುದು ಚಕ್ರದಡಿಗೆ ನಿಂಬೆಹಣ್ಣು ಇಡುವುದಕ್ಕಿಂತ ಮೊದಲಿನ ಶಾಸ್ತ್ರ.

ಬಣ್ಣಗಳಲ್ಲಿ ಕೆಂಪಿಗೆ ಅಗ್ರಸ್ಥಾನ. ವೀಲ್ ಕ್ಯಾಪ್ ಹಾಕಿದ ಸ್ಟೀಲ್ ಚಕ್ರದಲ್ಲಿ ಅದು ಹೊರಗೆ ಕಾಣುವುದಿಲ್ಲ.