ಮುಶಿಗೇರಿ ಕಟ್ಟೆಯ ಪ್ರಾಕ್ಟಿಕಲ್ ಪರೀಕ್ಷೆ

ಸೆಪ್ಟೆಂಬರ್ 8 ವಿಶ್ವ ಫಿಜಿಯೊಥೆರಪಿ ದಿನ. 2025ರಲ್ಲಿ ಆ ದಿನದ ಕೇಕು ಖಾಲಿಯಾಗುವ ಮೊದಲೇ, 9ರಂದು, ದಿಲ್ಲಿಯ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದಿಂದ ಒಂದು ಪತ್ರ ಹೊರಟಿತು: ಫಿಜಿಯೊಥೆರಪಿಸ್ಟರು ಹೆಸರಿಗೆ ‘ಡಾ.’ ಸೇರಿಸಿಕೊಳ್ಳಬಾರದು. 10ರಂದು ಅದೇ ಕಚೇರಿಯಿಂದ ಇನ್ನೊಂದು ಪತ್ರ: ನಿನ್ನೆಯದು ವಾಪಸ್, ವಿಷಯವನ್ನು ಇನ್ನೂ ಪರಿಶೀಲಿಸಬೇಕಿದೆ. ಒಂದಕ್ಷರ, ಒಂದು ಚುಕ್ಕಿ. ಅದಕ್ಕಾಗಿ ಸರಕಾರಿ ಫೈಲು ಒಂದೇ ರಾತ್ರಿಯಲ್ಲಿ ಎದ್ದು, ಕೂತು, ನಡೆದು, ತಿರುಗಿ ಬಂತು. ಮಲಗಿದ ಫೈಲನ್ನು ನಡೆಸುವ ವಿದ್ಯೆ ನಮ್ಮಲ್ಲಿ ಚೆನ್ನಾಗಿಯೇ ಬೆಳೆದಿದೆ. ಮಲಗಿದ ರೋಗಿಯದೇ ಪಂಚಾಯ್ತಿ.

ಅದೇ ವರ್ಷ ಬಂದ ಫಿಜಿಯೊಥೆರಪಿಯ ಹೊಸ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಮುಂದೆ ‘ಡಾ.’, ಹಿಂದೆ ‘ಪಿಟಿ’ ಎಂದು ಹೆಸರಿನ ಎರಡೂ ತುದಿಗೆ ಅಲಂಕಾರ ಮಾಡಿದ್ದರು. ನಾಲ್ಕೂವರೆ ವರ್ಷದ ಬಿಪಿಟಿ ಪದವಿ ಐದು ವರ್ಷವಾಯಿತು. ಆರು ತಿಂಗಳ ಇಂಟರ್ನ್‌ಶಿಪ್ಪು ಒಂದು ವರ್ಷಕ್ಕೆ ಹಿಗ್ಗಿತು. ಚರ್ಚೆಯೆಲ್ಲ ಹೆಸರಿನ ಸುತ್ತ ನಡೆಯಿತೇ ಹೊರತು, ಆ ಇಂಟರ್ನ್‌ಶಿಪ್ ವರ್ಷದಲ್ಲಿ ಕಲಿಯುವ ಹುಡುಗ ಐಸಿಯು ಮಂಚದ ಪಕ್ಕ ಎಷ್ಟು ದಿನ ನಿಲ್ಲುತ್ತಾನೆ, ಅವನ ಪಕ್ಕ ಯಾರು ನಿಲ್ಲುತ್ತಾರೆ ಎಂದು ಟೀವಿಯಲ್ಲಿ ಯಾರೂ ಕಿರುಚಾಡಲಿಲ್ಲ.

ಹಾಗಾಗಿ ನನ್ನದೊಂದು ಸಲಹೆ. ಅಂತಿಮ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯನ್ನು ಮುಶಿಗೇರಿಯ ಕಟ್ಟೆಯ ಮೇಲೆ ನಡೆಸಬೇಕು. ಮುಶಿಗೇರಿ ಹಳೇ ರೋಣ ತಾಲೂಕಿನ, ಈಗಿನ ಗಜೇಂದ್ರಗಡ ತಾಲೂಕಿನ ಎರೆಭೂಮಿಯ ಊರು. ಇಲ್ಲಿಯ ಗಂಭೀರ ರೋಗಿಗೆ ಒಂದೇ ಆಸ್ಪತ್ರೆ ಎಂಬುದಿಲ್ಲ, ಒಂದು ಮೆರವಣಿಗೆಯಿದೆ: ಗಜೇಂದ್ರಗಡ ಇಲ್ಲವೇ ರೋಣ, ಅಲ್ಲಿಂದ ಗದಗಿನ ಜಿಮ್ಸ್, ಅಲ್ಲಿಂದ ಹುಬ್ಬಳ್ಳಿಯ ಕಿಮ್ಸ್. ಪ್ರತಿ ನಿಲ್ದಾಣದಲ್ಲೂ “ಮುಂದಕ್ಕ ಒಯ್ರಿ” ಎಂಬ ಚೀಟಿ. ರೋಗಿಯ ಹಿಂದೆ ಬುತ್ತಿ, ಚಾಪೆ, ಎಕ್ಸ್‌ರೇ ಲಕೋಟೆ ಹಿಡಿದು ಹೋದವರು ವಾರ್ಡಿನ ನೆಲದ ಮೇಲೆ ಕಳೆದ ರಾತ್ರಿಗಳನ್ನು ಹಾಜರಿ ಪುಸ್ತಕದಲ್ಲಿ ಬರೆದಿದ್ದರೆ, ಅವರಿಗೇ ಮೊದಲು ಪದವಿ ಕೊಡಬೇಕಾಗುತ್ತಿತ್ತು. ಪರೀಕ್ಷಕರ ಅರ್ಹತೆಗೆ ಇಷ್ಟು ಸಾಕು.

ಪರೀಕ್ಷೆ ನಡೆದರೆ ಹೀಗಿರುತ್ತದೆ. ಬಿಳಿ ಕೋಟಿನ ಹುಡುಗ ಬಂದು ನಿಲ್ಲುತ್ತಾನೆ. ಹಿರಿಯ ಪರೀಕ್ಷಕಿ, ಎಲೆ ಅಡಿಕೆ ಬಾಯಿಯ ಆಯಿ, ಮೊದಲ ಪ್ರಶ್ನೆ ಕೇಳುತ್ತಾಳೆ.

“ಅಜ್ಜಗ ನಿನ್ನಿ ಹೊಟ್ಟಿ ಆಪರೇಶನ್ ಆಗೇತಿ. ಕೈಯಾಗ ಸಲಾಯಿನ್, ಕೆಳಗ ಉಚ್ಚಿ ಚೀಲ, ಮೂಗಿನ್ಯಾಗ ನಳಿಗಿ. ಇವತ್ತ ಎಬ್ಬಿಸಿ ಕುಂಡ್ರಸಬೇಕು. ಹೆಂಗ ಎಬ್ಬಸ್ತಿ ತಮ್ಮಾ?”

“ಶಸ್ತ್ರಚಿಕಿತ್ಸೆಯ ನಂತರದ ಆರಂಭಿಕ ಚಲನೆ ಎಂದರೆ...”

“ಅಂದ್ರ ಗಿಂದ್ರ ಬ್ಯಾಡೋ ಯಪ್ಪಾ. ಮದ್ಲ ಯಾ ಮಗ್ಗಲಕ ನಿಂದರ್ತಿ ಅದನ್ನ ಹೇಳು.”

ಹುಡುಗ ಮೌನ. ಈ ಉತ್ತರಕ್ಕೆ ಪುಸ್ತಕದಲ್ಲಿ ಎರಡು ಪುಟವಿದೆ, ಕೈಗೆ ಬರಲು ಎರಡು ತಿಂಗಳು ಬೇಕು. ನಳಿಗೆಗಳು ಯಾವ ಬದಿಗಿವೆಯೋ ಅತ್ತ ಇಳಿಸಬೇಕು. ಉಚ್ಚೆ ಚೀಲ ಮೂತ್ರಕೋಶಕ್ಕಿಂತ ಮೇಲೇರಬಾರದು. ಎದೆಗೆ ನಳಿಗೆ ಹಾಕಿದ್ದರೆ ಅದರ ಬಾಟಲಿ ಎದೆಗಿಂತ ಕೆಳಗೇ ಇರಬೇಕು. ನಾಡಿ, ಬೀಪಿ, ಆಕ್ಸಿಜನ್ ನೋಡಿ, ಮಗ್ಗುಲಾಗಿಸಿ, ಕಾಲು ಇಳಿಬಿಟ್ಟು, ಮಂಚದಂಚಿಗೆ ಕೂರಿಸಿ, ತಲೆ ತಿರುಗುತ್ತದೆಯೇ ಎಂದು ಕಾಯಬೇಕು. ಬೆವರೊಡೆದರೆ, ಬೀಪಿ ಇಳಿದರೆ ಮತ್ತೆ ಮಲಗಿಸಬೇಕು. ಎಲ್ಲಕ್ಕಿಂತ ಕಠಿಣವಾದದ್ದು, ‘ಇವತ್ತು ಬೇಡ’ ಎಂದು ಹೇಳುವ ಧೈರ್ಯ. ಅದಕ್ಕೆ ಯಾವ ಪತ್ರಿಕೆಯಲ್ಲೂ ಅಂಕವಿಲ್ಲ.

ಎರಡನೇ ಪ್ರಶ್ನೆ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯದು. ಉಸಿರು ಒಳಗೆಳೆದರೆ ಚೆಂಡು ಏರಬೇಕು. ಊರಿಗೆ ಮರಳಿದ ರೋಗಿಗಳು ಅದನ್ನು ತುತ್ತೂರಿಯಂತೆ ಊದುತ್ತಾರೆ, ಚೆಂಡು ಕದಲುವುದಿಲ್ಲ. ಕೊನೆಗೆ ಅದು ಮೊಮ್ಮಕ್ಕಳ ಪಾಲು. “ಇದನ್ನ ಊದಬೇಕೋ, ಎಳೀಬೇಕೋ?” ಹುಡುಗ ಸರಿಯಾಗಿ ಹೇಳುತ್ತಾನೆ: “ಎಳೀಬೇಕು.” ಮರುಪ್ರಶ್ನೆ: “ಮತ್ತ ಅಜ್ಜಗ ಯಾಕ ಹೇಳಲಿಲ್ಲೋ?” ಉತ್ತರ: “ಡಿಸ್ಚಾರ್ಜ್ ಚೀಟಿ ಮ್ಯಾಲೆ ‘ಉಸಿರಾಟದ ವ್ಯಾಯಾಮ’ ಅಂತ ಬರದಿದ್ವಿ ಆಯಿ.”

ಮೂರನೆಯದು ಎರೆಹೊಲದಿಂದಲೇ ಎದ್ದು ಬಂದ ಪ್ರಶ್ನೆ. ಕಟ್ಟುಹಾವು ಕಚ್ಚಿ ಉಸಿರಾಟದ ಸ್ನಾಯು ಸೋತವನು, ಕೀಟನಾಶಕ ಹೊಟ್ಟೆಗೆ ಹೋಗಿ ಎದೆ ತುಂಬ ಕಫ ಕಟ್ಟಿದವನು, ಇಬ್ಬರೂ ವೆಂಟಿಲೇಟರ್ ಮೇಲಿದ್ದಾರೆ. ನಳಿಗೆಯಿಂದ ಕಫ ಎಳೆಯುವಾಗ ಆಕ್ಸಿಜನ್ ಅಂಕಿ ಸರಸರ ಇಳಿಯಿತು. ಏನು ಮಾಡುತ್ತಿ, ಯಾರನ್ನು ಕೂಗುತ್ತಿ?

“ಐಸಿಯು ಪೋಸ್ಟಿಂಗ್ ಇತ್ರೀ. ಆದ್ರ ನಾ ಗುಂಪಿನ್ಯಾಗ ಹಿಂದ ನಿಂತಿದ್ದೆ. ಮುಂದಿನವ್ರ ಬೆನ್ನಷ್ಟ ಕಾಣತಿತ್ತು.”

ಬೆನ್ನುಮೂಳೆಯ ಅಧ್ಯಯನವಂತೂ ಹೀಗೆ ಪೂರ್ಣಗೊಂಡಿತು. “ಕೂರಿಗಿ ಹಿಡೀಲಾರದ ಬಿತ್ತೂದು ಕಲಿತಂಗ ಆತಲ್ಲೋ” ಎಂದು ಕಟ್ಟೆ ತೀರ್ಪು ಕೊಟ್ಟಿತು.

ಕಾಲೇಜಿನವರ ಬಳಿ ಉತ್ತರವಿದೆ: “ನಮ್ಮಲ್ಲಿ ಸಿಮ್ಯುಲೇಶನ್ ಲ್ಯಾಬ್ ಇದೆ.” ಒಳ್ಳೆಯ ಮಾತು. 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಹೃದಯ ಮತ್ತು ಶ್ವಾಸಕೋಶದ ಫಿಜಿಯೊಥೆರಪಿ ಕಲಿಯುವವರ ಆಸ್ಪತ್ರೆ ತರಬೇತಿಯ ನಾಲ್ಕನೇ ಒಂದು ಭಾಗವನ್ನು ನಕಲಿ ರೋಗಿಗಳ ಜೊತೆ ಮಾಡಿಸಿದರು. ಕೌಶಲ ಕುಗ್ಗಲಿಲ್ಲ. ನಮ್ಮವರು ಆ ಕಾಲುಭಾಗವನ್ನು ಓದಿ ಖುಷಿಪಟ್ಟರು. ಉಳಿದ ಮುಕ್ಕಾಲು ಭಾಗ ನಿಜವಾದ ರೋಗಿಯ ಪಕ್ಕ, ಹಿರಿಯರ ಕಣ್ಣೆದುರೇ ನಡೆದಿತ್ತು ಎಂಬ ಸಾಲಿಗೆ ಬರುವಷ್ಟರಲ್ಲಿ ಊಟದ ಬೆಲ್ಲು ಹೊಡೆಯಿತು. ನಮ್ಮ ಲ್ಯಾಬಿನ ರಬ್ಬರ್ ಗೊಂಬೆಗೆ ಕೆಮ್ಮಿಲ್ಲ, ಕಫವಿಲ್ಲ, ಇನ್‌ಸ್ಪೆಕ್ಷನ್ ದಿನ ಬಿಟ್ಟರೆ ಹೊರಗೆ ಬರುವ ಭಾಗ್ಯವೂ ಇಲ್ಲ. ಸದಾ ಗಾಜಿನ ಕಪಾಟಿನಲ್ಲಿ ಬೆಡ್ ರೆಸ್ಟ್.

ಬೆಡ್ ರೆಸ್ಟ್ ಗೊಂಬೆಗೆ ಒಗ್ಗುತ್ತದೆ, ಮನುಷ್ಯನಿಗಲ್ಲ. ಲಂಡನ್ನಿನ ಸಂಶೋಧಕರು 2013ರಲ್ಲಿ ತೀವ್ರ ಅಸ್ವಸ್ಥರ ತೊಡೆಯ ಸ್ನಾಯು ಅಳೆದರು: ಹತ್ತು ದಿನದಲ್ಲಿ ಸರಾಸರಿ ಶೇ 18ರಷ್ಟು ಕರಗಿತ್ತು. 2009ರ ಅಮೆರಿಕದ ಅಧ್ಯಯನದಲ್ಲಿ ವೆಂಟಿಲೇಟರ್ ಮೇಲಿದ್ದವರಿಗೆ ಶುರುವಿನಿಂದಲೇ ವ್ಯಾಯಾಮ ಮಾಡಿಸಿ ಕೂರಿಸಿ ನಿಲ್ಲಿಸಿದಾಗ, ಆಸ್ಪತ್ರೆ ಬಿಡುವ ಹೊತ್ತಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾದವರು ಶೇ 59. ಎಂದಿನ ಆರೈಕೆಯಷ್ಟೇ ಪಡೆದ ಗುಂಪಿನಲ್ಲಿ ಶೇ 35. ನಮ್ಮ ವಾರ್ಡಿನಲ್ಲಿ ಮಾತ್ರ ಸೊಸೆ ಎಬ್ಬಿಸಲು ಹೋದರೆ ಮಗ ಬೈಯುತ್ತಾನೆ: “ಮಲಗಲಿ ಬಿಡು, ದಣದಾನ.” ದಣಿದಿದ್ದಾನೆಂದು ಮಲಗಿಸಿ, ಮಲಗಿದ್ದಕ್ಕೇ ದಣಿಸುವ ಪ್ರೀತಿ ನಮ್ಮದು. ಅದನ್ನು ತಿದ್ದಬೇಕಾದವನು ಗುಂಪಿನಲ್ಲಿ ಹಿಂದೆ ನಿಂತಿದ್ದಾನೆ.

ಹುಡುಗನನ್ನು ಬೈದೇನು ಫಲ? ಪದವಿ ಮುಗಿಸಿ ಅವನು ಪೇಟೆಯಲ್ಲಿ ಮೊಣಕಾಲಿನ ಕ್ಲಿನಿಕ್ ತೆರೆಯುತ್ತಾನೆ. ನಮ್ಮವರು ಅಲ್ಲಿಂದ ಬಂದು “ಕರೆಂಟ್ ಕೊಡಿಸ್ಕೊಂಡು ಬಂದೆ” ಎನ್ನುತ್ತಾರೆ. ಮೊಣಕಾಲು ಸೌಮ್ಯ ಅಂಗ. ನಡುರಾತ್ರಿ ಎರಡಕ್ಕೆ ಉಸಿರು ನಿಲ್ಲಿಸುವುದಿಲ್ಲ. ಕಫಕ್ಕೆ ಆ ಶಿಸ್ತಿಲ್ಲ, ಅದು ಫಿಜಿಯೊಥೆರಪಿ ವಿಭಾಗಕ್ಕೆ ಬೀಗ ಬಿದ್ದ ಮೇಲೆಯೂ ಕಟ್ಟುತ್ತದೆ. ಆ ರಾತ್ರಿ ಪಾಳಿಗೆ ಹುದ್ದೆ ಮಂಜೂರು ಮಾಡಿ, ಜೊತೆಗೊಬ್ಬ ಅನುಭವಿಯನ್ನು ನಿಲ್ಲಿಸಿದರೆ ಕಲಿಯುವವನೂ ಮುಂದೆ ಬರುತ್ತಾನೆ. ಮನಸ್ಸಿಟ್ಟು ಹಾಗೆ ಕಲಿಸುವವರು ದೊಡ್ಡ ಆಸ್ಪತ್ರೆಗಳಲ್ಲಿ ಇದ್ದಾರೆ. ಅಂಥವರು ಸಿಗುವುದು ಮಾತ್ರ ವಿದ್ಯಾರ್ಥಿಯ ಹಣೆಬರಹವಾಗಿದೆ, ಪಠ್ಯಕ್ರಮದ ಬರಹವಾಗಿಲ್ಲ.

ಕೊನೆಗೆ ಫಲಿತಾಂಶ. ಆಯಿ ಹುಡುಗನನ್ನು ಫೇಲ್ ಮಾಡಲಿಲ್ಲ. “ಇವ್ನ ಕಲಿಸಿದವ್ರನ್ನ ಕಳಸ್ರಿ, ಇವ್ನ ಪಾಸ್ ಮಾಡಿದವ್ರನ್ನೂ ಕಳಸ್ರಿ, ‘ಡಾ.’ ಸಲುವಾಗಿ ಪತ್ರ ಬರದವ್ರು ಪುರಸೊತ್ತಿದ್ರ ಅವ್ರೂ ಬರ್ಲಿ” ಎಂದು ನೋಟಿಸು ಹೊರಡಿಸಿದಳು. ಪೂರಕ ಪರೀಕ್ಷೆ ಹೊಲದಲ್ಲಿ ಹೆಸರಿನ ರಾಶಿ ಮುಗಿದ ಮೇಲೆ. ನೋಟಿಸಿನ ಕೊನೆಗೆ ಸೂಚನೆ: “ಸ್ಲೈಡು ತರಬ್ಯಾಡ್ರಿ, ಊರಾಗ ಕರೆಂಟಿನ ಗ್ಯಾರಂಟಿ ಇಲ್ಲ. ಅಜ್ಜನ ನಡಕ್ಕ ಕಟ್ಟಿ ಹಿಡ್ಯಾಕ ಒಂದು ಗಟ್ಟಿ ಪಟ್ಟಿ ತರ್ರಿ. ಮತ್ತ, ಬಿಳೇ ಕೋಟಿನ ತೋಳು ಮದ್ಲ ಏರಿಸ್ಕೊಂಡ ಬರ್ರಿ.”