ಕೈಕುಂಚಿ ಕಾಕು

ಉದಗೀರದಲ್ಲಿ ಹಳೆ ಬಟ್ಟೆಗೆ ಭಾಂಡೆ ಕೊಡುವವಳು ಬಂದರೆ ಓಣಿಯ ಹೆಂಗಸರು ಹರಿದ ಸೀರೆ, ಬಣ್ಣ ಹೋದ ಪ್ಯಾಂಟು ಹಿಡಿದು ಹೊರಗೆ ಬರುತ್ತಾರೆ. ನಮ್ಮ ಕಾಕು ಕಡ್ಡಿಪೆಟ್ಟಿಗೆ ಹಿಡಿದು ಹೊರಗೆ ಬರುತ್ತಾಳೆ.

"ಗಂಟು ಬಿಚ್ಚು" ಅನ್ನುತ್ತಾಳೆ.

ಬುಟ್ಟಿಯಲ್ಲಿ ಫಳಫಳ ಹೊಳೆಯುವ ಸ್ಟೀಲಿನ ಡಬ್ಬಿ, ಪಾತೇಲಿಗಳ ಕಡೆ ಅವಳ ಕಣ್ಣು ಹೋಗುವುದೇ ಇಲ್ಲ. ಬೇರೆ ಓಣಿಯಿಂದ ಬಂದ ಹಳೆ ಬಟ್ಟೆಯ ಗಂಟಿನಲ್ಲಿ ಮೊಣಕೈ ತನಕ ಕೈಹಾಕಿ ಸ್ವೆಟರುಗಳನ್ನಷ್ಟೇ ಹೊರಗೆಳೆಯುತ್ತಾಳೆ. ಒಂದೊಂದರ ಒಳಮಗ್ಗುಲಿಂದ ಒಂದೊಂದು ಎಳೆ ಕಿತ್ತು, ಕಡ್ಡಿ ಗೀರಿ ತುದಿಗೆ ಹಿಡಿಯುತ್ತಾಳೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ, ಸಾಸಿವೆಕಾಳಿನಂಥ ಗಟ್ಟಿ ಗುಳಿಗೆ ಕಟ್ಟಿದರೆ ಪ್ಲಾಸ್ಟಿಕ್ಕು.

"ಇದು ಕುರೀದು. ಇದು ಕಾರ್ಖಾನೀದು. ಇದೂ ಕಾರ್ಖಾನೀದೇ."

ಒಮ್ಮೆ ಹೀಗೇ ಕುರಿಯದನ್ನು ಬಗಲಲ್ಲಿ ಇಟ್ಟುಕೊಂಡು ಒಳಗೆ ಹೋದವಳು ಅಡಿಗೆಮನೆಯಿಂದ ಒಂದು ಡಬ್ಬಿ ತಂದು ಭಾಂಡೆಯವಳ ಮುಂದೆ ಇಟ್ಟಳು. ಜನ್ಮವಿಡೀ ಬಟ್ಟೆ ಇಸಗೊಂಡು ಭಾಂಡೆ ಕೊಟ್ಟ ಆ ಹೆಣ್ಣುಮಗಳು, ಭಾಂಡೆ ಇಸಗೊಂಡು ಬಟ್ಟೆ ಕೊಡುವ ಪ್ರಸಂಗ ಬಂದಾಗ ಸ್ವಲ್ಪ ಹೊತ್ತು ಬಾಯಿಗೆ ಸೆರಗು ಹಚ್ಚಿ ನಿಂತಳು. ಡಬ್ಬಿ ತಿರುವಿ ನೋಡಿದಳು. ತಳದಲ್ಲಿ ಕಾಕುವಿನ ಸೊಸೆಯ ಹೆಸರು, ತವರಿನ ಹೆಸರು, ಮದುವೆಯ ತಾರೀಖು, ಮೂರೂ ಕೆತ್ತಿದ್ದವು. ಮುಂದಿನ ವಾರ ಸೊಸೆ ಎರಡು ಸೀರೆ ಕೊಟ್ಟು ಅದನ್ನು ಬಿಡಿಸಿಕೊಂಡಳು.

ಯಾವುದನ್ನೂ ಬಿಸಾಡದ ಇಂಥ ಕಾಕು ನಮ್ಮ ಕಡೆ ಓಣಿಗೊಬ್ಬಳು ಇದ್ದೇ ಇರುತ್ತಾಳೆ. ಹಾಲಿನ ಪ್ಯಾಕೆಟ್ಟು ತೊಳೆದು ಹಗ್ಗದ ಮೇಲೆ ಒಣಹಾಕುವವಳು, ಮುರಿದ ಛತ್ರಿಯ ಅರಿವೆಯಿಂದ ಸಂತೆಚೀಲ ಮಾಡುವವಳು. ನಿಲಂಗಾದಲ್ಲಿರುವ ಇವಳ ತಂಗಿ ಬರೀ ಗುಂಡಿ ಮತ್ತು ಚೈನು ಕೂಡಿಸುತ್ತಾಳೆ. ಆಕೆ ಹೊಲಿದ ಕೌದಿಗೆ ಒಂದು ಮೂಲೆಯಲ್ಲಿ ಪ್ಯಾಂಟಿನ ಕಿಸೆ ಹಾಗೇ ಉಳಿದಿದ್ದು, ನಾನು ಆ ಮನೆಯಲ್ಲಿ ಮಲಗಿದಾಗಲೆಲ್ಲ ಮೊಬೈಲು ಅದರಲ್ಲೇ ಇಡುತ್ತೇನೆ. ಆದರೆ ಹರಿದ ಸೀರೆಯಿಂದ ಕೌದಿ ಹೊಲಿಯುವುದು ಲೋಕಕ್ಕೆ ಗೊತ್ತಿರುವ ವಿದ್ಯೆ. ಹಳೆ ಸ್ವೆಟರಿನಿಂದ ಕೈಗೆ ಕುಂಚಿ ಹೊಲಿಯುವ ಹುಚ್ಚು ನಮ್ಮ ಕಾಕುವಿನದೊಂದೇ.

ಹೆಸರೂ ಅವಳೇ ಇಟ್ಟದ್ದು. ಅಕ್ಕಪಕ್ಕದ ಮರಾಠಿಯವರು ಹಾತಮೋಜೆ ಅನ್ನುತ್ತಾರೆ. "ಕೈಗೆ ಮೋಜೆ ಅಂದ್ರ ಕಾಲಿನ ಹೆಸರು ತಗೊಂಡಂಗಾತು" ಎಂದು ಕಾಕುವಿಗೆ ಅದು ಒಪ್ಪಿಗೆ ಇಲ್ಲ. ಬೆಂಗಳೂರಿನಿಂದ ಬಂದ ಮೊಮ್ಮಗಳು ಕೈಗವಸು ಅಂದಳು. "ಗವಸು ಹಾಕಾಕ ಅದೇನು ತಲೆದಿಂಬೇನು?" ಕೂಸಿನ ತಲೆಗೆ ಕುಂಚಿ ಇದೆ, ಅದೇ ಕೈಗೆ ಬಂದರೆ ಕೈಕುಂಚಿ. ಬೆರಳಿಗೊಂದು ಮನೆ ಇಲ್ಲ. ನಾಲ್ಕು ಬೆರಳು ಒಂದೇ ಕೋಲಿಯಲ್ಲಿ, ಹೆಬ್ಬೆರಳು ಮಾತ್ರ ಬೇರೆ ಬಾಡಿಗೆಗೆ.

ಅವಳ ಕತ್ತರಿಗೆ ಯಾರಾದರೂ ಆಕ್ಷೇಪ ಎತ್ತಿದರೆ ಒಂದು ರಾಜಕೀಯ ಉತ್ತರವೂ ತಯಾರಿದೆ. ಕಾಕಾ ಹುಟ್ಟಿದಾಗ ಈ ಮನೆ ನಿಜಾಮನ ಬೀದರ ಜಿಲ್ಲೆಯಲ್ಲಿತ್ತು. 1956ರಲ್ಲಿ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳನ್ನು ಬೀದರಿನಿಂದ ಕತ್ತರಿಸಿ ಉಸ್ಮಾನಾಬಾದಿಗೆ ಜೋಡಿಸಿದರು. ರಾಜ್ಯ ಮುಂಬಯಿ ಆಯಿತು. 1960ರಲ್ಲಿ ಅದೇ ಮಹಾರಾಷ್ಟ್ರ. 1982ರಲ್ಲಿ ಉಸ್ಮಾನಾಬಾದನ್ನೂ ಕತ್ತರಿಸಿ ಲಾತೂರ ಜಿಲ್ಲೆ ಮಾಡಿದರು. ಉಳಿದ ಉಸ್ಮಾನಾಬಾದಿಗೆ ಈಗ ಧಾರಾಶಿವ ಅಂತ ಹೆಸರು. ಇಷ್ಟೆಲ್ಲ ಆದರೂ ಮನೆಯ ಹೊಸ್ತಿಲು ಒಂದಿಂಚು ಸರಿದಿಲ್ಲ, ಒಳಗಿನ ಕನ್ನಡವೂ ಸರಿದಿಲ್ಲ. "ಸರಕಾರದವರು ಜಿಲ್ಲಾನೇ ಕತ್ರಿಸಿ ಕತ್ರಿಸಿ ಹೊಲದಾರ. ನಾ ಒಂದು ಸ್ವೆಟರ್ ಕತ್ರಿಸಿದ್ರ ನಿಮ್ಮ ಗಂಟೇನು ಹೋತು?"

ಈ ವಿದ್ಯೆ ಅವಳಿಗೆ ಎಲ್ಲಿಂದ ಬಂತು ಎಂಬುದು ನಗುವ ಮಾತಲ್ಲ. ಅವಳ ತವರು ಆಗಿನ ಉಮರ್ಗಾ ತಾಲೂಕಿನ ಸಾಸ್ತೂರ ಹತ್ತಿರ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಬಂದು ಜನ ಮಲಗಿದ ರಾತ್ರಿ, ನಸುಕಿನ ನಾಲ್ಕಕ್ಕೆ ಕೆಲವೇ ನಿಮಿಷ ಬಾಕಿ ಇದ್ದಾಗ ಭೂಮಿ ನಡುಗಿತು. ಕಿಲ್ಲಾರಿ, ಸಾಸ್ತೂರ ಸುತ್ತಿನ ಮನೆಗಳೆಲ್ಲ ಮಣ್ಣು-ಕಲ್ಲಿನ ದಪ್ಪ ಗೋಡೆಯವು. ಬೇಸಗೆಗೆ ತಂಪೆಂದು ಕಟ್ಟಿಕೊಂಡ ಗೋಡೆಗಳೇ ಮೈಮೇಲೆ ಬಿದ್ದವು. ಸತ್ತವರು ಹತ್ತು ಸಾವಿರದ ಹತ್ತಿರ. ಕಾಕುವಿನ ತಮ್ಮನ ಸಂಸಾರ ಅಂಗಳದಲ್ಲಿ ಮಲಗಿತ್ತು, ಉಳಿಯಿತು. ಆಮೇಲೆ ಲಾರಿಗಳ ತುಂಬ ದೇಶದ ಹಳೆ ಬಟ್ಟೆ ಬಂತು. ಕೋಟು, ಕೊರಳಪಟ್ಟಿ, ಮದುವೆಯ ಗೌನು, ಮತ್ತೆ ದೊಡ್ಡವರ ದೊಡ್ಡ ದೊಡ್ಡ ಸ್ವೆಟರು. ಧೋತರದ ಮುದುಕರು ಅವನ್ನು ಎತ್ತಿ ನೋಡಿ ಇಡುತ್ತಿದ್ದರು. ಚಳಿಗಾಲ ಪತ್ರಾ ಶೆಡ್ಡಿನಲ್ಲಿ. ರಾತ್ರಿ ಪತ್ರಾ ಬರ್ಫಿನಂತೆ ತಣ್ಣಗೆ. ತಮ್ಮನ ಮನೆಗೆ ಹೋಗಿ ಎರಡು ತಿಂಗಳು ಕೂತ ಕಾಕು ಆ ಸ್ವೆಟರುಗಳನ್ನು ಕತ್ತರಿಸಿ ಮಕ್ಕಳ ಕೈಗೆ, ಕಾಲಿಗೆ, ತಲೆಗೆ ಹೊಲಿದಳು.

ಆ ಎರಡು ತಿಂಗಳ ಬಗ್ಗೆ ಅವಳು ಮಾತಾಡುವುದು ಕಡಿಮೆ. ಕೇಳಿದರೆ ಕತ್ತರಿಯ ಮಾತು ತೆಗೆಯುತ್ತಾಳೆ. ಮನೆಯ ಕತ್ತರಿ ಮಣ್ಣಡಿ ಹೋಗಿತ್ತು. ಕುರಿ ಕಾಯುವವನೊಬ್ಬ ಉಣ್ಣೆ ಕತ್ತರಿಸುವ ತನ್ನ ಕತ್ತರಿಯನ್ನೇ ಕೊಟ್ಟನಂತೆ. "ಒಂದ ಕತ್ರೀಗೆ ಎರಡ ಸರ್ತಿ ಸಿಕ್ಕಿತ್ತು ನೋಡು ಆ ಉಣ್ಣಿ."

ಕಡ್ಡಿಪೆಟ್ಟಿಗೆಯ ಚಟ ಹತ್ತಿದ್ದು ಆಮೇಲೆ, ಉಮರ್ಗಾದಲ್ಲಿ. ತಮ್ಮ ಅಲ್ಲಿ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಮಗ್ಗುಲಿಗೆ ಚಹಾದ ಹೊಟೇಲು ಇಟ್ಟ. ಕಾಕು ಅವನಿಗೆ ಕೆಟ್ಲಿ ಹಿಡಿಯಲು ಒಂದು ಜೊತೆ ಕೈಕುಂಚಿ ಕಳಿಸಿದಳು. ಸತ್ಯ ಹೇಳಬೇಕೆಂದರೆ ಕೈಕುಂಚಿಗೆ ಈ ಲೋಕದಲ್ಲಿ ಇದಕ್ಕಿಂತ ಒಳ್ಳೆಯ ಉದ್ಯೋಗ ಇಲ್ಲ. ನಿಜವಾದ ಉಣ್ಣೆ ಬೆಂಕಿಗೆ ಬೇಗ ಹೊತ್ತುವುದಿಲ್ಲ, ಕರಗುವುದಂತೂ ಇಲ್ಲ. ಆದರೆ ಆ ಜೊತೆಯಲ್ಲಿ ಎಡಗೈಯದು ಉಣ್ಣೆ, ಬಲಗೈಯದು ಕಾರ್ಖಾನೀದು. ಲಾರಿ ಡ್ರೈವರುಗಳು ನೋಡುತ್ತಿದ್ದಂತೆ ಬಲಗೈ ಕೆಟ್ಲಿಯ ಹಿಡಿಕೆಗೆ ಅಂಟಿಕೊಂಡಿತು. ತಮ್ಮ ಕೈ ಎಳೆದುಕೊಂಡ, ಕುಂಚಿ ಅಲ್ಲೇ ಉಳಿಯಿತು. ಆ ಕೆಟ್ಲಿ ಈಗಲೂ ಹೊಟೇಲಿನಲ್ಲಿದೆ, ಹಿಡಿಕೆಯ ಮೇಲೆ ಗುಲಾಬಿ ಬಣ್ಣದ ಒಂದು ಚಕ್ಕಳದ ಸಮೇತ. ಅಂದಿನಿಂದ ಸುಟ್ಟು ನೋಡದೆ ಕಾಕು ಯಾವ ಸ್ವೆಟರನ್ನೂ ಹೊಸ್ತಿಲ ಒಳಗೆ ಬಿಟ್ಟಿಲ್ಲ. ಸುಡುವುದು ಸ್ವೆಟರನ್ನು ಬಿಚ್ಚಿಟ್ಟ ಮೇಲೇ ಆಗಬೇಕೆಂಬ ನಿಯಮವೂ ಇಲ್ಲ. ಬೀಗರು ಮಾತಾಡುತ್ತ ಕೂತಾಗ ಹಿಂದಿನಿಂದ ಒಂದೆಳೆ ಎಳೆದದ್ದುಂಟು.

ಪರೀಕ್ಷೆಯಲ್ಲಿ ಪಾಸಾದವು ಹಂಡೆಗೆ ಹೋಗುತ್ತವೆ. ಸ್ನಾನದ ಹಂಡೆಯಲ್ಲಿ ನೀರು ಕೊತಕೊತ ಕುದಿಸಿ, ಸೋಡಾ ಹಾಕಿ, ಕೋಲಿನಿಂದ ತಿರುವಿ, ಆಮೇಲೆ ಒಗೆಯುವ ಕಲ್ಲಿನ ಮೇಲೆ ಹಾಕಿ ತಿಕ್ಕುವುದನ್ನು ನೋಡಿದರೆ ಯಾವುದೋ ಹಳೆ ವೈರಿಯ ಅಂಗಿ ಅನ್ನಬೇಕು. ಉಣ್ಣೆಯ ಎಳೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆ ಇರುತ್ತವೆ, ಮೀನಿಗಿದ್ದ ಹಾಗೆ. ಬಿಸಿ, ಸಾಬೂನು, ತಿಕ್ಕಾಟ ಮೂರೂ ಕೂಡಿದರೆ ಒಂದರ ಹುರುಪೆ ಇನ್ನೊಂದರಲ್ಲಿ ಸಿಕ್ಕಿಕೊಂಡು ಬಿಡಿಸಲಾಗದಂತೆ ಕೂಡಿಬಿಡುತ್ತವೆ. ಆರಡಿ ಗಂಡಸಿನ ಸ್ವೆಟರು ಆರು ವರ್ಷದ ಹುಡುಗನಷ್ಟಾಗಿ ಹೊರಗೆ ಬರುತ್ತದೆ, ಕಂಬಳಿಯಂತೆ ದಪ್ಪಗೆ. ಈಗ ಕತ್ತರಿಸಿದರೆ ಒಂದೆಳೆಯೂ ಬಿಚ್ಚುವುದಿಲ್ಲ. ಪ್ಲಾಸ್ಟಿಕ್ಕಿನದಕ್ಕೆ ಹುರುಪೆ ಇಲ್ಲ, ಅದಕ್ಕೆ ಕುಗ್ಗುವ ಯೋಗವೂ ಇಲ್ಲ. ಸೊಸೆಯ ತಮ್ಮ ಕುಲುವಿನಿಂದ ತಂದ ಹೊಚ್ಚಹೊಸ ಸ್ವೆಟರು ಒಂದು ದಿನ ಹಗ್ಗದಿಂದ ಜಾರಿ ಹಂಡೆಯಲ್ಲಿ ಬಿತ್ತು. ಹಗ್ಗಕ್ಕೂ ಹಂಡೆಗೂ ನಡುವೆ ಒಂದು ಗೋಡೆ ಇದೆ. ಆ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಅಳತೆಗೆ ಟೇಪು ಬೇಡ. "ಕೈ ಇಡು" ಅನ್ನುತ್ತಾಳೆ. ಸ್ವೆಟರಿನ ಕೆಳಗಿನ ಪಟ್ಟಿ ಮಣಿಕಟ್ಟಿಗೆ ಬರುವಂತೆ ಕೈ ಇಡಿಸಿ, ಸುತ್ತ ಅರ್ಧ ಬೆರಳು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ. ಆ ಪಟ್ಟಿ ತಾನೇ ಜಗ್ಗುತ್ತದೆ, ತಾನೇ ಬಿಗಿಯುತ್ತದೆ. ಬೇರೆ ಎಲಾಸ್ಟಿಕ್ಕು ಬೇಕಿಲ್ಲ. ಎರಡು ತುಂಡು ಮುಖಾಮುಖಿ ಇಟ್ಟು ಬಖಿಯಾ ಹಾಕಿ, ಹೆಬ್ಬೆರಳಿನ ಸಂದಿನಲ್ಲಿ ಎರಡು ಟಾಕಿ ಹೆಚ್ಚು ಹೊಡೆದು, ತಿರುವಿಹಾಕಿದರೆ ಮುಗಿಯಿತು. ಎಡ-ಬಲ ಭೇದ ಇಲ್ಲ. ಅದಕ್ಕೇ ಕಾಕು ಜೊತೆಗೆ ಎರಡಲ್ಲ, ಮೂರು ಕೊಡುತ್ತಾಳೆ. "ಒಂದು ನೀವು ಕಳೀತೀರಿ, ನಂಗೊತ್ತದ."

ಹಂಚುವ ದಿನ ಎಳ್ಳಮಾಸಿ. ಮರಾಠಿಯವರೂ ಯೆಳವಸ ಅಂತ ನಮ್ಮ ಹೆಸರನ್ನೇ ತಿರುವಿ ಕರೆಯುವ ಹಬ್ಬ. ಅವತ್ತು ಲಾತೂರ, ಉದಗೀರ, ನಿಲಂಗಾ, ಉಮರ್ಗಾ, ಎಲ್ಲ ಪೇಟೆಗಳೂ ಬಾಗಿಲು ಹಾಕಿ ಹೊಲಕ್ಕೆ ಹೋಗುತ್ತವೆ. ಗಿಡದ ಕೆಳಗೆ ದಂಟಿನ ಕೊಪ್ಪಿ ಕಟ್ಟಿ ಪೂಜೆ. ಹಸಿ ಕಾಳು, ತೊಪ್ಪಲು, ಕಡಲೆಹಿಟ್ಟು ಎಲ್ಲ ಕೂಡಿಸಿದ ಭಜ್ಜಿ, ಸಜ್ಜೆರೊಟ್ಟಿ, ಗಡಿಗೆಯಲ್ಲಿ ಅಂಬಲಿ. ಒಂದು ವರ್ಷ ಊಟಕ್ಕೆ ಕೂತ ಇಪ್ಪತ್ತು ಜನರ ಕೈಗೂ ಕಾಕು ಕುಂಚಿ ತೊಡಿಸಿದಳು. ತೊಡಿಸಿದ ಮೇಲೆ ರೊಟ್ಟಿ ಹೇಗೆ ಮುರಿಯುವುದು ಅನ್ನುವ ಪ್ರಶ್ನೆ ಎದ್ದಿತು. ಮೊಬೈಲಿನಲ್ಲಿ ಫೋಟೋ ತೆಗೆಯೋಣವೆಂದರೆ ಬೆರಳು ಗಾಜಿಗೆ ಹತ್ತದು. ಇಪ್ಪತ್ತು ಜನ ತಾಸುಗಟ್ಟಲೆ ಮೊಬೈಲು ಮುಟ್ಟದೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. ಕಡೆಗೆ ಸಣ್ಣ ಭಾವ ಬಾಯಿಂದ ಕುಂಚಿ ಕಚ್ಚಿ ಎಳೆದ. ಬಾಯಿತುಂಬ ಉಣ್ಣೆ.

ನನ್ನ ಪಾಲಿಗೆ ಬಂದದ್ದು ಒಂದು ಶಾಲೆಯ ಸಮವಸ್ತ್ರದ ಸ್ವೆಟರು, ಎದೆಯ ಮೇಲೆ ಶಾಲೆಯ ಘೋಷವಾಕ್ಯ ಇದ್ದದ್ದು. ಕಾಕುವಿನ ಕತ್ತರಿಗೆ ಅಕ್ಷರದ ಹಂಗಿಲ್ಲ. ಒಂದು ಕುಂಚಿಗೆ ವಿದ್ಯೆ ಬಂತು, ಇನ್ನೊಂದಕ್ಕೆ ವಿನಯ ಬಂತು, ಮೂರನೆಯದಕ್ಕೆ ಉಳಿದ ಅರ್ಧ ದೀಪ. ಡಿಸೆಂಬರಿನಲ್ಲಿ ನಸುಕಿನಲ್ಲೇ ಗಾಡಿ ಹೊಡೆದುಕೊಂಡು ನಾನು ನಿಲಂಗಾಕ್ಕೆ ಹೋಗಬೇಕು. ದೇವಣಿ ದಾಟುವ ತನಕ ತೊಗರಿ ಹೊಲದ ಮೇಲೆ ಮಂಜು. ಕೈ ಮರಗಟ್ಟಿ ಹ್ಯಾಂಡಲ್ ಯಾವುದು, ಬೆರಳು ಯಾವುದು ತಿಳಿಯದು. ಕುಂಚಿ ಹಾಕಿಕೊಂಡು ಹೊರಟೆ. ಬೆಚ್ಚಗಿತ್ತು, ಸುಳ್ಳು ಹೇಳಬಾರದು. ಕ್ಲಚ್ಚಿಗೆ ವಿದ್ಯೆ, ಬ್ರೇಕಿಗೆ ವಿನಯ. ದೇವಣಿಯ ಹತ್ತಿರ ಎದುರಿಗೆ ಒಂದು ದೇವಣಿ ಹೋರಿಯೇ ಬಂದು ನಿಂತಿತು, ಕಪ್ಪು-ಬಿಳಿ ಮೈ, ಜೋತುಬಿದ್ದ ಕಿವಿ, ಸರಿಯುವ ವಿಚಾರ ಇಲ್ಲ. ನಾಲ್ಕು ಬೆರಳು ಒಂದೇ ಕೋಲಿಯಲ್ಲಿ ಇದ್ದಾಗ ಬ್ರೇಕು ಹಿಡಿಯಬೇಕೆಂದು ಅವುಗಳಲ್ಲಿ ಒಮ್ಮತ ಆಗಲು ಹೊತ್ತು ಹಿಡಿಯುತ್ತದೆ. ವಿನಯ ಜಾರಿತು. ನಾನು ತೊಗರಿಯಲ್ಲಿದ್ದೆ. ಹೋರಿ ಕುಂಚಿ ಮೂಸಿ ನೋಡಿ ಹೋಯಿತು.

ಕಳೆದ ವಿನಯಕ್ಕೆ ಬದಲು ಕೇಳಲು ಹೋದಾಗ ಕಾಕು ಒಳಗೆ ಬೆಳಕಿಂಡಿಯ ಕೆಳಗೆ ಕೂತು ಹೊಲಿಯುತ್ತಿದ್ದಳು. ಕಾಕಾ ಹೊರಗೆ ಕಟ್ಟೆಯ ಮೇಲೆ. ಎಸ್‌ಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ರಿಟಾಯರ್ ಆದವನು. ಟಿಕೇಟು ಹರಿದು ಬಂದ ದನಿ ಇನ್ನೂ ಇಳಿದಿಲ್ಲ. ಮೈಮೇಲೆ ಅದೇ ಬೂದುಬಣ್ಣದ ಸ್ವೆಟರು, 1984ರಲ್ಲಿ ಸೊಲ್ಲಾಪುರದಲ್ಲಿ ಕೊಂಡದ್ದು. ಈ ಮನೆಯಲ್ಲಿ ಕತ್ತರಿ ಕಾಣದೆ ಉಳಿದ ಸ್ವೆಟರು ಅದೊಂದೇ. ಮದುವೆಯಾದ ಹೊಸದರ ಪ್ರೀತಿ, ಪತಿಭಕ್ತಿ ಎಂದು ಸೊಸೆಯಂದಿರು ಏನೇನೋ ಅನ್ನುತ್ತಾರೆ. ಕಾಕಾ ಅಂತೂ ಅದನ್ನು ತನ್ನ ಮಾನಪತ್ರ ಎಂದೇ ತಿಳಿದಿದ್ದಾನೆ.

ನಾನು ಕೇಳಿಯೇ ಬಿಟ್ಟೆ. "ಕಾಕು, ಕಾಕಾಂದು ಒಂದು ಯಾಕ ಬಿಟ್ಟಿ?"

ಕಾಕು ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಕೆಟ್ಲಿ ಸುಟ್ಟಿತ್ತಲ್ಲ, ಆ ವಾರನೇ ನೋಡೀನಿ. ಇವರು ಜಳಕಕ್ಕ ಹೋಗಿದ್ರು. ಒಳಮಗ್ಗುಲಿಂದ ಒಂದೆಳಿ ತಗದು ಕಡ್ಡಿ ಹಚ್ಚಿದೆ. ಸಾಸಿವಿಕಾಳು!"

"ಮತ್ತ ಕಾಶ್ಮೀರಿ ಉಣ್ಣಿ ಅಂತಿರ್ತಾರ?"

"ಅಂಗಡಿಯಾವ ಕ್ಯಾಶ್ಮಿಲಾನ್ ಅಂದಾನ. ಇವರು ಕಾಶ್ಮೀರ ಅಂತ ಕೇಳಿಸ್ಕೊಂಡಾರ. ಒಂದು ಪಗಾರದಾಗ ಅರ್ಧ ಕೊಟ್ಟು ಬಂದಾರ ತಮ್ಮಾ, ಏನಂತ ಹೇಳ್ಲಿ?"

ಹೊರಗೆ ಕಾಕಾ ಯಾರನ್ನೋ ಹಿಡಿದು ಕೂರಿಸಿಕೊಂಡಿದ್ದ. ಅವನ ದನಿ ಓಣಿಗೆಲ್ಲ ಕೇಳುತ್ತಿತ್ತು: "ಮುಟ್ಟಿ ನೋಡ್ರಿ! ನಲವತ್ತು ವರ್ಷ ಆತು, ಎಷ್ಟು ಸಲ ಬಿಸಿನೀರಾಗ ಒಗದಾಳ ಇಕಿ, ಒಂದು ನೂಲು ಕುಗ್ಗಿಲ್ಲ. ಅಸಲಿ ಮಾಲು ಅಂದ್ರ ಹಿಂಗ!"

ಕಾಕು ಸೀಮೆಸುಣ್ಣ ಕೈಗೆ ತಗೊಂಡಳು.

"ಕೈ ಇಡು" ಅಂದಳು.